ಹಲ್ಲುನೋವು ತಾನಾಗಿ ನಿಂತರೆ ವಾಸಿಯಾದಂತಲ್ಲ

ಮಾನ್ಯ ಸಂಪಾದಕರೇ,

ಈ ಮಳೆಯಲ್ಲಿ ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳಿಂದ ಹಲ್ಲಿಗಾಗಿ ಪೇಟೆಗೆ ಹೋಗುವುದೆಂದರೆ ಒಂದು ದಿನವೇ ಹಾಳು. ಲವಂಗ ಕಚ್ಚಿಕೊಂಡು ದಿನ ದೂಡುವುದು ಸಹಜವೇ. ಆದರೆ ಎಲ್ಲ ನೋವೂ ಕಾಯುವುದಿಲ್ಲ.

ತಣ್ಣೀರು ತಾಗಿ ಜುಮ್ಮೆಂದು, ಎರಡು ಮೂರು ಸೆಕೆಂಡಿನಲ್ಲಿ ಹೋದರೆ ಒಳಗಿನ ನರ ಸಾಮಾನ್ಯವಾಗಿ ಉಳಿದಿರುತ್ತದೆ. ಬೇಗ ತೋರಿಸಿದರೆ ಹುಳುಕು ತೆಗೆದು ತುಂಬಿಸಿದರೆ ಸಾಕಾಗಬಹುದು. ಬಿಸಿ ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೂ ನಿಮಿಷಗಟ್ಟಲೆ ಮಿಡಿದರೆ, ಮಲಗಿದೊಡನೆ ಜೋರಾದರೆ, ನರಕ್ಕೇ ಪೆಟ್ಟು ಬಿದ್ದಿದೆ. ಆಗ ರೂಟ್ ಕೆನಾಲ್, ಇಲ್ಲವೇ ಹಲ್ಲು ಕೀಳಿಸುವುದು. ಅಂಗಡಿಯಿಂದ ತಂದ ಆಂಟಿಬಯಾಟಿಕ್‌ನಿಂದ ಈ ನೋವು ಹೋಗದು. ನಾಲ್ಕು ದಿನ ಕಾಡಿ ಥಟ್ಟನೆ ನಿಂತಿತೋ, ನರ ಸತ್ತಿರಬಹುದು. ಮುಂದೆ ಬೇರಿನ ತುದಿಯಲ್ಲಿ ಕೀವು ಕಟ್ಟುತ್ತದೆ.

ಮಾತ್ರೆ ಪುಡಿ ಮಾಡಿ ಒಸಡಿಗೆ ಒತ್ತುವ ಅಭ್ಯಾಸವೊಂದಿದೆ. ಆಸ್ಪಿರಿನ್ ಇಟ್ಟ ಜಾಗ ಬೆಳ್ಳಗೆ ಸುಟ್ಟು ಸಿಪ್ಪೆ ಏಳುತ್ತದೆ, ಒಂದು ನೋವು ಎರಡಾಗುತ್ತದೆ. ಅದರ ಬದಲು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿ. ಹಲ್ಲುಗಳ ಸಂದಿಯಲ್ಲಿ ಸಿಕ್ಕ ಅಡಿಕೆ ಚೂರನ್ನು ದಾರದಿಂದ ತೆಗೆಯಿರಿ. ಎಷ್ಟೋ ಸಲ ಅಷ್ಟಕ್ಕೇ ಹಗುರಾಗುತ್ತದೆ.

ಕೆನ್ನೆ ಊದಿ ಜ್ವರ ಬಂದರೆ ಶಾಖ ಕೊಡಬೇಡಿ, ಅಂದೇ ವೈದ್ಯರಲ್ಲಿಗೆ ಹೋಗಿ. ನಾಲಿಗೆಯ ಕೆಳಗೆ ಊತ, ನುಂಗಲು ಕಷ್ಟ, ಉಸಿರು ಭಾರ ಎಂದರೆ ರಾತ್ರಿಯಾದರೂ 108ಕ್ಕೆ ಫೋನ್ ಮಾಡಿ.

– ದಂತವೈದ್ಯೆ, ತೀರ್ಥಹಳ್ಳಿ