ರೌಟರ್ ಕೊಳ್ಳುವ ಮೊದಲು ಲ್ಯಾಪ್‌ಟಾಪ್ ನೋಡಿ

ಸಂಪಾದಕರಿಗೆ ನಮಸ್ಕಾರ.

ಮಳೆಗಾಲದಲ್ಲಿ ಲೋಕಲ್ ಟ್ರೈನ್ ಯಾವಾಗ ನಿಲ್ಲುತ್ತದೆ ಹೇಳಲು ಬರುವುದಿಲ್ಲ. ಹಾಗಾಗಿ ನಮ್ಮ ಡೊಂಬಿವಲಿ ಕಡೆ ಎಷ್ಟೋ ಮನೆಗಳಲ್ಲಿ ಆಫೀಸೂ ಕ್ಲಾಸೂ ಮನೆಯ ಲ್ಯಾಪ್‌ಟಾಪ್‌ನಲ್ಲೇ ನಡೆಯುತ್ತವೆ. ನನ್ನ ಮಗಳು ಸಿಎ ಓದುತ್ತಿದ್ದಾಳೆ, ಕ್ಲಾಸು ಆನ್‌ಲೈನ್. ಒಳಗಿನ ಕೋಣೆಯಲ್ಲಿ ಕೂತರೆ ಹತ್ತು ನಿಮಿಷಕ್ಕೊಮ್ಮೆ ಮೇಷ್ಟ್ರ ಮುಖ ಹಾಗೇ ನಿಂತುಬಿಡುತ್ತಿತ್ತು. "ಅಪ್ಪಾ, ರೌಟರ್ ಬದಲಿಸೋಣ" ಅಂದಳು. ನಾನು ಮುಂಬಯಿಯ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋದೆ.

ಅಂಗಡಿಯವರು ಕೇಳಿದ್ದು ಬಜೆಟ್ ಎಷ್ಟು ಅಂತ ಮಾತ್ರ. ಲ್ಯಾಪ್‌ಟಾಪ್ ಎಷ್ಟು ಹಳೆಯದು, ಮನೆಗೆ ಬರುವ ಕನೆಕ್ಷನ್ ಎಷ್ಟರದ್ದು, ಒಂದನ್ನೂ ಕೇಳಲಿಲ್ಲ. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಎಸಿ 1200 ಅಂತ ಇತ್ತು, ನಾಲ್ಕು ಆಂಟೆನಾ ಇತ್ತು. ಕೊಂಡು ಬಂದೆ. ಹಾಕಿದೆವು. ಮೇಷ್ಟ್ರು ಮತ್ತೆ ನಿಂತರು.

ಮೇಲಿನ ಮಹಡಿಯ ಹುಡುಗ ಬಂದು ನೋಡಿದ ಮೇಲೆ ವಿಷಯ ಗೊತ್ತಾಯಿತು. ಆ 1200 ಅನ್ನುವುದು ಒಂದೇ ವೇಗ ಅಲ್ಲ. ರೌಟರ್ ಎರಡು ದಾರಿಯಲ್ಲಿ (ಎರಡು ರೇಡಿಯೋ ಫ್ರೀಕ್ವೆನ್ಸಿಯಲ್ಲಿ) ಸಿಗ್ನಲ್ ಕಳಿಸುತ್ತದೆ, 2.4 ಗಿಗಾಹರ್ಟ್ಸ್‌ನಲ್ಲಿ 300 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್ ಅನ್ನುವ ವೇಗದ ಅಳತೆ), 5 ಗಿಗಾಹರ್ಟ್ಸ್‌ನಲ್ಲಿ 867, ಎರಡನ್ನೂ ಕೂಡಿಸಿ ಮೇಲಕ್ಕೆ ಏರಿಸಿ 1200 ಅಂತ ಬರೆದಿದ್ದಾರೆ. ಒಂದು ಲ್ಯಾಪ್‌ಟಾಪ್ ಒಂದು ಹೊತ್ತಿಗೆ ಒಂದೇ ದಾರಿಯಲ್ಲಿ ಹೋಗುತ್ತದೆ, ಹಾಗಿರುವಾಗ ಈ ಮೊತ್ತದಿಂದ ನಮಗೇನು ಉಪಯೋಗ? ಇನ್ನು ನಮ್ಮ ಲ್ಯಾಪ್‌ಟಾಪ್‌ನ ವೈಫೈ ಕಾರ್ಡ್ 'ಎಸಿ'ಗಿಂತ ಹಿಂದಿನ ಪೀಳಿಗೆಯ 'ಎನ್' ಜಾತಿಯದು, ಅದಕ್ಕೆ 5 ಗಿಗಾಹರ್ಟ್ಸ್ ಕಾಣುವುದೇ ಇಲ್ಲ. ಪರದೆಯ ಮೇಲೆ ಲಿಂಕ್ ಸ್ಪೀಡ್ (ರೌಟರ್ ಜೊತೆ ಸಿಕ್ಕ ಸಂಪರ್ಕದ ವೇಗ) ನೋಡಿದರೆ 72. ಎಷ್ಟು ದುಬಾರಿ ರೌಟರ್ ತಂದರೂ ಅದು 72ರಲ್ಲೇ ನಿಲ್ಲುತ್ತಿತ್ತು.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಹೊಸ ಫೋನಿನಲ್ಲಿ ಇಂಥ ಹಲವು ರೌಟರ್‌ಗಳ ಎರಡು ಹೆಸರು ಕಾಣುತ್ತವೆ, ಒಂದರ ಕೊನೆಗೆ ಸಾಮಾನ್ಯವಾಗಿ 5ಜಿ ಅಂತ ಇರುತ್ತದೆ. ಅದು ಮೊಬೈಲಿನ 5ಜಿ ಅಲ್ಲ, 5 ಗಿಗಾಹರ್ಟ್ಸ್ ಅಷ್ಟೇ. ತುಂಬಾ ಜನ ಇಲ್ಲೇ ಗೊಂದಲ ಮಾಡಿಕೊಳ್ಳುತ್ತಾರೆ. ಫೋನಿಗೆ ಕಾಣುವ ಆ ಹೆಸರು ಪಕ್ಕದಲ್ಲೇ ಇರುವ ಲ್ಯಾಪ್‌ಟಾಪ್‌ಗೆ ಕಾಣದಿದ್ದರೆ ಕೊರತೆ ಇರುವುದು ಲ್ಯಾಪ್‌ಟಾಪ್‌ನಲ್ಲಿ. ಆಗ ಪೆನ್‌ಡ್ರೈವ್‌ನಂಥ ಯುಎಸ್‌ಬಿ ವೈಫೈ ಅಡಾಪ್ಟರ್ ಸಾಕು. ಎರಡೂ ದಾರಿ ಹಿಡಿಯುವಂಥದ್ದನ್ನು ಕೇಳಿ ತಗೊಳ್ಳಿ. ನಾವು ಕೊನೆಗೆ ಮಾಡಿದ್ದು ಅದನ್ನೇ.

ಜಾಗವೂ ಮುಖ್ಯ. ಫೈಬರ್ ವೈರು ಹಾಲಿನ ಕಿಟಕಿಯಿಂದ ಬರುತ್ತದೆ ಅಂತ ಎಲ್ಲರೂ ರೌಟರನ್ನು ಟಿವಿ ಹಿಂದೆ ತುರುಕುತ್ತೇವೆ. ನಮ್ಮಲ್ಲಿ ಅದಕ್ಕೂ ಮಗಳ ಕೋಣೆಗೂ ನಡುವೆ ಒಂದು ಸಿಮೆಂಟ್ ಗೋಡೆ, ಗೋಡೆಗೆ ಒರಗಿಸಿದ ಕಬ್ಬಿಣದ ಕಪಾಟು. ಕಬ್ಬಿಣ ಸಿಗ್ನಲನ್ನು ತಡೆಯುತ್ತದೆ. 5 ಗಿಗಾಹರ್ಟ್ಸ್ ವೇಗ ಜಾಸ್ತಿ ಕೊಡುತ್ತದೆ, ಆದರೆ ಗೋಡೆ ದಾಟುವಾಗ ಬೇಗ ಸೋಲುತ್ತದೆ, 2.4 ದೂರ ಹೋಗುತ್ತದೆ, ಆದರೆ ಒತ್ತೊತ್ತಾಗಿರುವ ನಮ್ಮ ಬಿಲ್ಡಿಂಗ್‌ಗಳಲ್ಲಿ ಮೇಲಿನವರ, ಕೆಳಗಿನವರ, ಎದುರಿನವರ ರೌಟರ್‌ಗಳೆಲ್ಲ ಅದರಲ್ಲೇ ನೂಕುನುಗ್ಗಲು ಮಾಡುತ್ತವೆ, ಮೈಕ್ರೋವೇವ್ ಓವನ್ ಹಚ್ಚಿದರೂ ಅದಕ್ಕೆ ತೊಂದರೆ. 2.4ರ ಒಳಗಿನ ಓಣಿಗಳಂಥ ಚಾನೆಲ್‌ಗಳಲ್ಲಿ ಒಂದರ ಮೇಲೊಂದು ಬೀಳದವು ಮೂರೇ, 1, 6 ಮತ್ತು 11. ಇದ್ದುದರಲ್ಲಿ ಖಾಲಿ ಇರುವುದನ್ನು ರೌಟರ್ ಸೆಟ್ಟಿಂಗ್‌ನಲ್ಲಿ ಆರಿಸಿಕೊಳ್ಳಬೇಕು. ನಾವು ಉದ್ದದ ಲ್ಯಾನ್ ವೈರ್ ಎಳೆದು ರೌಟರನ್ನು ಪ್ಯಾಸೇಜಿನಲ್ಲಿ ಎತ್ತರಕ್ಕೆ ಇಟ್ಟೆವು. ಎಷ್ಟು ವ್ಯತ್ಯಾಸ ಆಯಿತು ಅಂತೀರಿ!

ರೌಟರೇ ಬೇಕು ಅನ್ನುವವರಿಗೆ ಒಂದು ಮಾತು. ಮನೆಗೆ ಫೈಬರ್ ಬಂದಿದ್ದರೆ ಆ ಕಂಪನಿಯ ಡಬ್ಬದಲ್ಲೇ ವೈಫೈ ಇದೆಯಾ, ಅದು ಎರಡು ದಾರಿಯದಾ ಅಂತ ಮೊದಲು ಕೇಳಿ. ಇದ್ದರೆ ಸುಮ್ನೆ ಇನ್ನೊಂದು ಯಾಕೆ? ಹಳೇ ಟೆಲಿಫೋನ್ ತಂತಿಗೆ ಹಾಕುವ ಮೋಡೆಮ್ ರೌಟರ್ ನಿಮಗೆ ಬೇಡ. ಮನೆಗೆ ತಂದ ದಿನವೇ ಅಡ್ಮಿನ್ ಪಾಸ್‌ವರ್ಡ್ (ರೌಟರ್ ಸೆಟ್ಟಿಂಗ್ ತೆರೆಯುವ ಪಾಸ್‌ವರ್ಡ್) ಬದಲಿಸಿ.

ನನಗೆ ಹೆಚ್ಚು ಸಿಟ್ಟು ಬಂದಿದ್ದು ಕೊನೆಯ ಸಂಗತಿಗೆ. 1200 ಅಂತ ಬರೆದ ಆ ಡಬ್ಬದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ, ವೈರು ಸಿಕ್ಕಿಸುವ ಪೋರ್ಟ್ 100 ಎಂಬಿಪಿಎಸ್ ಅಂತ ಇತ್ತು. ನಾವು ತಿಂಗಳು ತಿಂಗಳು ದುಡ್ಡು ಕಟ್ಟುವುದು 200ಕ್ಕೆ. ಬಾಗಿಲಲ್ಲೇ ಅರ್ಧ ಹೋಯಿತು, ಅಲ್ವಾ? ವಾಪಸ್ ತಗೊಳ್ಳಿ ಅಂದರೆ ಸೀಲ್ ಒಡೆದಿದೆ ಅಂದರು. ಕೂಡಿಟ್ಟ ದುಡ್ಡಿನಲ್ಲಿ ಮಕ್ಕಳ ಓದಿಗೆ ಅಂತ ಕೊಳ್ಳುವವರಿಗೆ ಇದು ಸಣ್ಣ ನಷ್ಟ ಅಲ್ಲ. 1200 ಅಂತ ಮುಂಬದಿಯಲ್ಲಿ ಎಷ್ಟು ದೊಡ್ಡದಾಗಿ ಹಾಕುತ್ತಾರೋ, ಪೋರ್ಟ್ ಎಷ್ಟರದ್ದು ಅನ್ನುವುದನ್ನೂ ಅದರ ಪಕ್ಕದಲ್ಲೇ ಅಷ್ಟೇ ದೊಡ್ಡದಾಗಿ ಹಾಕಬೇಕು ಅಂತ ಸರ್ಕಾರ ನಿಯಮ ಮಾಡಲಿ. ಅಲ್ಲಿಯವರೆಗೆ ಓದುಗರು ದುಡ್ಡು ಕೊಡುವ ಮೊದಲು ಡಬ್ಬ ತಿರುಗಿಸಿ ಪೋರ್ಟ್ 'ಗಿಗಾಬಿಟ್' (1000 ಎಂಬಿಪಿಎಸ್) ಅಂತ ಇದೆಯಾ ನೋಡಿ.

ಒಬ್ಬ ಓದುಗ, ಡೊಂಬಿವಲಿ ಪೂರ್ವ