ಎಂಜಿನ್ ಬೋರಿಂಗ್‌ಗೆ ಒಪ್ಪುವ ಮೊದಲು

ಸಂಪಾದಕರಿಗೆ ನಮಸ್ಕಾರ.

ಹಳೆ ಅಂಬಾಸಿಡರ್ ಇಟ್ಟುಕೊಂಡವರು ಗ್ಯಾರೇಜಿಗೆ ಹೋದರೆ ಸಿಗುವ ಉತ್ತರ ಒಂದೇ: ‘ಎಂಜಿನ್ ಹೋಗಿದೆ ಸಾರ್, ಬೋರ್ ಮಾಡಿಸಿ.’ ಅಂದರೆ ಸವೆದ ಸಿಲಿಂಡರುಗಳನ್ನು ಕೊರೆದು ದೊಡ್ಡದು ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿ ಅಂತ. ನನ್ನ 1489 ಸಿಸಿ ಪೆಟ್ರೋಲ್ ಗಾಡಿಗೂ ಹೀಗೇ ಹೇಳಿದರು. ಆಗುಂಬೆ ಘಾಟಿಯಲ್ಲಿ ಎಳೆಯುತ್ತಿರಲಿಲ್ಲ, ನಿಜ. ಆಕ್ಸಿಲರೇಟರ್ ಒತ್ತಿದರೆ ಕಾರ್ಬುರೇಟರ್ ಪಟ್ ಪಟ್ ಎಂದು ಸೀನುತ್ತಿತ್ತು. ಟ್ಯಾಪೆಟ್ ಶಬ್ದ ಬೇರೆ. ಆದರೆ ಹೊಗೆ ಇಲ್ಲ, ಆಯಿಲ್ ಕುಡಿಯುತ್ತಿಲ್ಲ, ನಾಲ್ಕೂ ಸಿಲಿಂಡರಿನಲ್ಲಿ ಕಂಪ್ರೆಷನ್ ಸರಿಯಾಗಿದೆ. ಸಿಲಿಂಡರ್ ಸವೆದ ಗುರುತೇ ಇಲ್ಲ, ಮತ್ತೆ ಬೋರಿಂಗ್ ಯಾಕೆ?

ತೀರ್ಥಹಳ್ಳಿಯ ಹಳೆ ಮೆಕ್ಯಾನಿಕ್ ಒಬ್ಬರು ಎಂಜಿನ್ ಮೇಲಿನ ಮುಚ್ಚಳ, ಅಂದರೆ ರಾಕರ್ ಕವರ್ ಬಿಚ್ಚಿದರು. ಎಂಜಿನ್ ಕೈಯಲ್ಲೇ ತಿರುಗಿಸುತ್ತಾ, ವಾಲ್ವ್ ತೆರೆಸುವ ಕಡ್ಡಿ, ಅಂದರೆ ಪುಷ್‌ರಾಡ್ ಒಂದೊಂದೂ ಎಷ್ಟು ಮೇಲೇಳುತ್ತದೆ ಎಂದು ಡಯಲ್ ಗೇಜಿನಲ್ಲಿ ನೋಡಿದರು. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ಕಡೆಯದು ಅರ್ಧಕ್ಕೂ ಏಳುತ್ತಿರಲಿಲ್ಲ. ಪುಷ್‌ರಾಡನ್ನು ಎತ್ತುವುದು ಕ್ಯಾಮ್‌ಶಾಫ್ಟ್ ಎಂಬ ತಿರುಗುವ ದಂಡದ ಮೇಲಿನ ಉಬ್ಬು; ಎರಡರ ನಡುವೆ ಕೂರುವ ತುಂಡೇ ಟ್ಯಾಪೆಟ್. ಆ ಉಬ್ಬು ಸವೆದು ಹೋಗಿತ್ತು. ಎಕ್ಸಾಸ್ಟ್ ವಾಲ್ವ್ ಪೂರ್ತಿ ತೆರೆಯದಿದ್ದರೆ ಸುಟ್ಟ ಗ್ಯಾಸ್ ಒಳಗೇ ಉಳಿದು ಕಾರ್ಬುರೇಟರ್ ಕಡೆಗೆ ನುಗ್ಗುತ್ತದೆ. ಸೀನು ಬರುವುದು ಅದಕ್ಕೇ. ಇದಕ್ಕೆ ಟ್ಯಾಪೆಟ್ ಬಿಗಿ ಮಾಡಿಕೊಡುವವರೂ (ವಾಲ್ವಿನ ಸಂದು ಕಡಿಮೆ ಮಾಡುವವರೂ) ಇದ್ದಾರೆ. ಶಬ್ದವೇನೋ ಅಡಗುತ್ತದೆ. ಜಾಸ್ತಿ ಬಿಗಿಯಾದರೆ ವಾಲ್ವೇ ಸುಟ್ಟುಹೋಗುತ್ತದೆ.

ಈ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ಬ್ಲಾಕಿನ ಒಳಗಿದೆ. ರೇಡಿಯೇಟರ್, ಟೈಮಿಂಗ್ ಚೈನ್, ಡಿಸ್ಟ್ರಿಬ್ಯೂಟರ್ ಡ್ರೈವ್ ಎಲ್ಲ ತೆಗೆದರೇ ಅದು ಹೊರಗೆ ಬರುವುದು. ಇಷ್ಟೆಲ್ಲ ಬಿಚ್ಚಿ, ಹೊಸ ಶಾಫ್ಟಿಗೆ ಹಳೇ ಟ್ಯಾಪೆಟ್ ಹಾಕಿ ಮುಚ್ಚಿಬಿಡುತ್ತಾರೆ! ದಯವಿಟ್ಟು ಬೇಡ. ಸವೆದ ಟ್ಯಾಪೆಟ್ ಹೊಸ ಉಬ್ಬನ್ನೂ ಬೇಗ ತಿಂದುಹಾಕುತ್ತದೆ. ಎಂಟು ಟ್ಯಾಪೆಟ್ಟೂ ಹೊಸದೇ ಇರಲಿ. ಗುಜರಿಯಿಂದ ತಂದ ಶಾಫ್ಟಿಗೆ ಮತ್ಯಾವುದೋ ಎಂಜಿನ್ನಿನ ಟ್ಯಾಪೆಟ್ ಕೂಡಿಸುವುದೂ ಅಷ್ಟೇ ತಪ್ಪು. ಜೋಡಿಸುವಾಗ ಉಬ್ಬುಗಳಿಗೆ ಅಸೆಂಬ್ಲಿ ಪೇಸ್ಟ್ ಸವರಬೇಕು. ಮೊದಲ ಸಲ ಸ್ಟಾರ್ಟ್ ಆದ ಮೇಲೆ ಸುಮ್ನೆ ಐಡಲ್‌ನಲ್ಲಿ ಬಿಡಬಾರದು. ಸುಮಾರು 2000 ಆರ್‌ಪಿಎಂನಲ್ಲಿ 20 ನಿಮಿಷ ಓಡಿಸಬೇಕು. ಆ ಉಬ್ಬುಗಳಿಗೆ ಆಯಿಲ್ ಸಿಗುವುದು ಹೆಚ್ಚಾಗಿ ಕೆಳಗೆ ತಿರುಗುವ ಕ್ರ್ಯಾಂಕ್‌ಶಾಫ್ಟ್ ಎರಚಿದ್ದರಿಂದ. ನಿಧಾನಕ್ಕೆ ತಿರುಗಿದರೆ ಅದು ಸಾಲದು.

ಆಯಿಲ್ ಬಗ್ಗೆಯೂ ಒಂದು ಮಾತು. ದುಬಾರಿ ಆಯಿಲ್ ಹಾಕಿದರೆ ಒಳ್ಳೆಯದು ಅಂತ ಅನೇಕರು ಹೊಸ ಕಾರಿನ ತೆಳು ಆಯಿಲ್ ಸುರಿಯುತ್ತಾರೆ. ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ಉಳಿಯಲೆಂದು ಅದರಲ್ಲಿ ಸತು, ರಂಜಕದ ಅಂಶ ಕಡಿಮೆ ಮಾಡಿರುತ್ತಾರೆ. ನಮ್ಮ ಗಾಡಿಯ ಕ್ಯಾಮ್ ಸವೆಯದಂತೆ ಕಾಯುವುದು ಅದೇ ಅಂಶ, ಅಲ್ವಾ? 20ಡಬ್ಲ್ಯು-50 ಎಂಬ ದಪ್ಪ ಆಯಿಲ್ ಹಾಕಿ, ಆ ಅಂಶ ಇದೆಯೇ ಎಂದು ಡಬ್ಬದ ಮೇಲೆ ಬರೆದದ್ದನ್ನು ಓದಿ.

ನಿಮ್ಮ ವಾಹನ ಪುಟದಲ್ಲಿ ಈಗ ಹೊಸ ಎಲೆಕ್ಟ್ರಿಕ್ ಗಾಡಿಗಳದ್ದೇ ಸುದ್ದಿ. ಇರಲಿ. ಅದರ ಮೂಲೆಯಲ್ಲಿ ಹಳೆ ಎಂಜಿನ್ನಿಗೂ ಸ್ವಲ್ಪ ಜಾಗ ಕೊಡಿ. ಬೋರಿಂಗ್‌ಗೆ ದುಡ್ಡು ಕೊಡುವ ಮೊದಲು ರಾಕರ್ ಕವರ್ ತೆಗೆಸಿ ನೋಡಿ ಎಂದು ಓದುಗರಿಗೆ ಗೊತ್ತಾದರೂ ಸಾಕು.

– ಅಂಬಾಸಿಡರ್ ಮಾಲೀಕ, ತೀರ್ಥಹಳ್ಳಿ ತಾಲ್ಲೂಕು