ಕಣ್ಣು ಮಿಟುಕಿಸಿದರೆ ಸಾಕಾ?

ಮಾನ್ಯ ಸಂಪಾದಕರೇ,

ಟಿ.ಸಿ. ಪಾಳ್ಯದ ನಮ್ಮ ಬೀದಿಯಲ್ಲಿ ಪೈಪ್ ಹಾಕಲು ರಸ್ತೆ ಅಗೆದು, ಮಣ್ಣು ಮುಚ್ಚಿ ಎರಡು ತಿಂಗಳಾಯಿತು. ಡಾಂಬರು ಇನ್ನೂ ಬಂದಿಲ್ಲ. ಬೆಂಗಳೂರಿನಲ್ಲಿ ಇದೇನು ಹೊಸದಾ ಅಂತೀರಿ. ನಾನು ಬರೆಯುತ್ತಿರುವುದು ರಸ್ತೆ ವಿಷಯ ಅಲ್ಲ. ಈ ಎರಡು ತಿಂಗಳಲ್ಲಿ ನಮ್ಮ ಯಜಮಾನರು ಆ ಮಣ್ಣಿನ ಮೇಲೆ ಒಂದು ಸಲವೂ ಕಾಲಿಟ್ಟಿಲ್ಲ. ಎದುರಿಗೇ ಕಾಣುವ ಹಾಲಿನ ಬೂತಿಗೆ ಹಿಂದಿನ ಬೀದಿ ಸುತ್ತಿ ಹೋಗುತ್ತಾರೆ.

ಅವರು ಹಲಸೂರಿನ ಮದ್ರಾಸ್ ಸ್ಯಾಪರ್ಸ್‌ನಲ್ಲಿ, ಅಂದರೆ ಸೇನೆಯ ಎಂಜಿನಿಯರ್ ದಳದಲ್ಲಿದ್ದು ಹವಾಲ್ದಾರರಾಗಿ ನಿವೃತ್ತರಾದವರು. 1987ರಲ್ಲಿ ಶಾಂತಿಪಾಲನಾ ಪಡೆಯ ಜೊತೆ ಶ್ರೀಲಂಕಾಕ್ಕೆ ಹೋಗಿದ್ದರು. ನೆಲಬಾಂಬ್ ಹುಡುಕಿ ತೆಗೆಯುವುದು ಸ್ಯಾಪರ್‌ಗಳ ಕೆಲಸ. ಹೊಸದಾಗಿ ಮುಚ್ಚಿದ ಮಣ್ಣು ಕಂಡರೆ ಅಲ್ಲೇ ನಿಲ್ಲಬೇಕು. 1990ರಲ್ಲಿ ಪಡೆ ವಾಪಸ್ ಬರುವ ಹೊತ್ತಿಗೆ ನಮ್ಮ ಸುಮಾರು 1,200 ಸೈನಿಕರು ತೀರಿಕೊಂಡಿದ್ದರು. ಅವರಲ್ಲಿ ಕೋಲಾರ ಕಡೆಯ ಒಬ್ಬರು ಇವರ ಜೊತೆ ಒಂದೇ ತಟ್ಟೆಯಲ್ಲಿ ಉಂಡವರು. ಮದುವೆಯಾದ ಹೊಸದರಲ್ಲಿ ಈ ಸುತ್ತುದಾರಿ ನೋಡಿ "ಏನ್ರೀ ನಿಮ್ಮ ಹುಡುಗಾಟ" ಅಂತ ನಾನೇ ನಗುತ್ತಿದ್ದೆ. ಆ ಗೆಳೆಯನ ಹೆಸರು ಇವರ ಬಾಯಲ್ಲಿ ಬಂದಿದ್ದು ಮೊನ್ನೆ ಮೊನ್ನೆ, ಅದೂ ನಿದ್ದೆಯಲ್ಲಿ.

ಪ್ರತಿ ನವೆಂಬರ್‌ನಲ್ಲಿ ಪಿಂಚಣಿಗೆ ಬದುಕಿದ್ದೇನೆ ಅನ್ನುವ ಸರ್ಟಿಫಿಕೇಟ್ ಕೊಡಬೇಕು. ಈಗ ಮೊಬೈಲಿಗೆ ಮುಖ ತೋರಿಸಿ ಕಣ್ಣು ಮಿಟುಕಿಸಿದರೆ ಆಯಿತು. ಒಳ್ಳೆಯದೇ, ಕ್ಯೂ ತಪ್ಪಿತು. ಆದರೆ ರಾತ್ರಿ ನಿದ್ದೆ ಬರುತ್ತಾ ಅಂತ ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ. ಮಾತ್ರೆ ತರಲು ಹೋದಾಗ ನೋಡುವುದು ಬಿಪಿ, ಶುಗರ್ ಅಷ್ಟೇ.

ನಿಮ್ಹಾನ್ಸ್ ಇರುವ ಊರು ನಮ್ಮದು. ಹೋಗೋಣ ಬನ್ನಿ ಅಂದರೆ "ನಂಗೇನು ತಲೆ ಕೆಟ್ಟಿದೆಯಾ" ಅಂತ ಎದ್ದುಬಿಡುತ್ತಾರೆ. 2022ರಿಂದ ಟೆಲಿ ಮನಸ್ ಅಂತ ಸರ್ಕಾರಿ ಸಹಾಯವಾಣಿ ಇದೆ, 14416. ದುಡ್ಡಿಲ್ಲ, ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನನಗೆ ಹೇಳಿದ್ದು ಮಗಳು. ಮೊದಲು ಫೋನ್ ಮಾಡಿದ್ದೂ ನಾನೇ, ಅಡುಗೆಮನೆ ಬಾಗಿಲು ಹಾಕಿಕೊಂಡು.

ನನ್ನದು ಒಂದೇ ಕೇಳಿಕೆ. ಮಾಜಿ ಸೈನಿಕರು ಆಸ್ಪತ್ರೆ ತಪ್ಪಿಸಿದರೂ ಮನೆ ಸಾಮಾನು ತರುವ ಮಿಲಿಟರಿ ಕ್ಯಾಂಟೀನ್ ತಪ್ಪಿಸುವುದಿಲ್ಲ. ಅಲ್ಲೇ ಬಿಲ್ ಕ್ಯೂ ಪಕ್ಕ ಒಂದು ಮೇಜು ಹಾಕಿ, ಕನ್ನಡ ಬಲ್ಲ ಆಪ್ತಸಮಾಲೋಚಕರನ್ನು ಕೂರಿಸಿ. ಜೊತೆಗೆ ಒಬ್ಬ ಮಾಜಿ ಸೈನಿಕರೂ ಇರಲಿ. ಡಾಕ್ಟರ ಮುಂದೆ ಬಾಯಿ ಬಿಡದವರು, "ಯಾವ ಯೂನಿಟ್?" ಅಂದರೆ ಸಾಕು, ಅಲ್ಲೇ ಕೂತುಬಿಡುತ್ತಾರೆ. ಹೆಂಡತಿಯರಿಗೂ ಒಂದು ಕುರ್ಚಿ ಹಾಕಿ. ಚೀಲ ಹಿಡಿದುಕೊಂಡು ಹೇಗೂ ನಾವೂ ಬಂದಿರುತ್ತೇವೆ.

– ಮಾಜಿ ಹವಾಲ್ದಾರರೊಬ್ಬರ ಹೆಂಡತಿ, ಟಿ.ಸಿ. ಪಾಳ್ಯ, ಬೆಂಗಳೂರು